ಗಿರಾಮೊಂಡೊ ಪುಸ್ತಕಗಳಲ್ಲಿ ಮೊದಲು ಯಾವುದು? ದಪ್ಪ ನೋಡಿ ಮೋಸ ಹೋಗಬೇಡಿ

ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿಗಳು ಪ್ರಕಟವಾದ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. ‘ಅಕ್ಕ, ಆ ಗಿರಾಮೊಂಡೊ ಪುಸ್ತಕ ತಗೊಳ್ಳಲಾ?’ ‘ಯಾವುದು ಮೊದಲು ಓದಲಿ?’ ‘ಇಂಗ್ಲಿಷ್ ತುಂಬಾ ಕಷ್ಟನಾ?’ ಕೇಳುವವರಲ್ಲಿ ಅರ್ಧ ಜನ ನನ್ನ ಹಾಗೆ ಸಿಡ್ನಿಯ ಪಶ್ಚಿಮ ಭಾಗದಲ್ಲಿ ಇರುವ ಕನ್ನಡದವರು. ಉಳಿದವರು ಊರಿನ ಗೆಳತಿಯರು. ಡಿಸೆಂಬರಿನಲ್ಲಿ ನಾನು ಬರುವಾಗ ಏನು ತರಿಸಿಕೊಳ್ಳಬಹುದು ಅಂತ ಈಗಿನಿಂದಲೇ ಲೆಕ್ಕ ಹಾಕುವವರು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದಿಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗಿರಾಮೊಂಡೊ ಸಿಡ್ನಿಯ ಒಂದು ಸಣ್ಣ ಸ್ವತಂತ್ರ ಪ್ರಕಾಶನ. ಐವರ್ ಇಂಡಿಕ್ ಮತ್ತು ಎವೆಲಿನ್ ಜೂಯರ್ಸ್ ಎಂಬ ದಂಪತಿ 1995ರಲ್ಲಿ ಶುರು ಮಾಡಿದ್ದು. ಮರುವರ್ಷವೇ ‘ಹೀಟ್’ ಎಂಬ ಸಾಹಿತ್ಯ ಪತ್ರಿಕೆ ತಂದರು. ಈಗ ಇವರಿಗೆ ಪಶ್ಚಿಮ ಸಿಡ್ನಿ ವಿಶ್ವವಿದ್ಯಾಲಯದ ನಂಟಿದೆ, ಅಂದರೆ ನಮ್ಮ ಪ್ಯಾರಾಮಟ್ಟಾ ಕಡೆಯವರೇ. ಗಿರಾಮೊಂಡೊ ಅಂದರೆ ಇಟಾಲಿಯನ್ನಿನಲ್ಲಿ ಲೋಕ ಸುತ್ತುವವನು. ಹೆಸರಿಗೆ ತಕ್ಕ ಹಾಗೆ ಇವರ ಪಟ್ಟಿಯಲ್ಲಿ ಎಲ್ಲ ಥರದ್ದೂ ಇದೆ: ಮಹಾಕಾದಂಬರಿ, ನೂರು ಪುಟದ ಕಾದಂಬರಿ, ಕವಿತೆ, ಪ್ರಬಂಧ, ಜೀವನಚರಿತ್ರೆ, ಬಂಗಾಳಿಯಿಂದ ಬಂದ ಅನುವಾದ. ತೊಡಕು ಇರುವುದೂ ಅಲ್ಲೇ. ಇವರ ಒಂದು ಪುಸ್ತಕ ಹಿಡಿಸಿತು ಅಂದರೆ ಇನ್ನೊಂದು ಹಿಡಿಸುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಅಳತೆಗೋಲು ಮೊದಲು

2024ರಲ್ಲಿ ಅಲೆಕ್ಸಿಸ್ ರೈಟ್ ಅವರ ಕಾದಂಬರಿ ‘ಪ್ರೇಯ್ಸ್‌ವರ್ದಿ’ಗೆ ಲೇಖಕಿಯರಿಗೆಂದೇ ಇರುವ ಸ್ಟೆಲ್ಲಾ ಪ್ರಶಸ್ತಿ ಬಂತು, ಅದರ ಹಿಂದೆಯೇ ಇಲ್ಲಿನ ದೊಡ್ಡ ಕಾದಂಬರಿ ಪ್ರಶಸ್ತಿ ಮೈಲ್ಸ್ ಫ್ರಾಂಕ್ಲಿನ್ ಕೂಡ ಬಂತು. ನಾನು ಅದೇ ವಾರ ಅಂಗಡಿಗೆ ಓಡಿ ತಂದೆ. ಎಂಬತ್ತನೇ ಪುಟಕ್ಕೆ ನಿಂತೆ. ನಾಲ್ಕು ತಿಂಗಳು ಆ ಪುಸ್ತಕ ನನ್ನ ಕಂಪ್ಯೂಟರ್ ಪರದೆಯ ಕೆಳಗೆ ಮಣೆಯ ಹಾಗೆ ಕೂತಿತ್ತು. ತಪ್ಪು ಪುಸ್ತಕದ್ದಲ್ಲ, ನಾನು ಪ್ರಶಸ್ತಿ ನೋಡಿ ಕೊಂಡಿದ್ದೆ. ಅದಾದ ಮೇಲೆ ‘ಇದಾದರೂ ಬೇಗ ಮುಗಿಯುತ್ತೆ’ ಅಂತ ಒಂದು ತೆಳ್ಳನೆಯದನ್ನು ಹಿಡಿದೆ. ಅದು ಇನ್ನೂ ಕಷ್ಟವಾಯಿತು. ಹಾಗಾಗಿ ಪ್ರಶಸ್ತಿ ಮತ್ತು ಪುಟಗಳ ಸಂಖ್ಯೆ ಎರಡನ್ನೂ ಈಗ ನಾನು ನೋಡುವುದಿಲ್ಲ. ಬೇರೆ ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ನಿಮಗೆ ಸಿಗುವ ಸಮಯ ಎಂಥದ್ದು. ದಿನಾ ರೈಲಿನಲ್ಲಿ ಅರ್ಧ ಗಂಟೆಯೋ, ಅಥವಾ ರಜೆಯಲ್ಲಿ ಒಟ್ಟಿಗೆ ಒಂದು ವಾರವೋ? ಎರಡನೆಯದು, ಹಿನ್ನೆಲೆ ಎಷ್ಟು ಗೊತ್ತಿರಬೇಕು. ಆಸ್ಟ್ರೇಲಿಯಾದ ಇತಿಹಾಸ ಗೊತ್ತಿಲ್ಲದೆಯೂ ಒಳಗೆ ಹೋಗಬಹುದಾ? ಮೂರನೆಯದು ದುಡ್ಡು, ಊರಿನವರಿಗಾದರೆ ತೂಕ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಅದು ಕಿವಿಯ ಪುಸ್ತಕವೋ ಕಣ್ಣಿನ ಪುಸ್ತಕವೋ? ಕೆಲವು ಪುಸ್ತಕಗಳಲ್ಲಿ ಯಾರೋ ಕೂತು ಮಾತಾಡುತ್ತಿರುತ್ತಾರೆ. ನಡುವೆ ಒಂದು ಸಾಲು ಅರ್ಥವಾಗದಿದ್ದರೂ ಮಾತು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇನ್ನು ಕೆಲವು ಪುಸ್ತಕಗಳಲ್ಲಿ ಒಂದು ಸಾಲು ಬಿಟ್ಟರೆ ಮುಂದಿನದು ಕೈಗೆ ಸಿಗುವುದಿಲ್ಲ. ಹರಿಕಥೆ, ತಾಳಮದ್ದಲೆ ಕೇಳಿ ಬೆಳೆದವರಿಗೆ ಮೊದಲನೆಯ ಜಾತಿ ಅನುಮಾನವಿಲ್ಲದೆ ಸುಲಭ, ಅದು ಎಷ್ಟೇ ದಪ್ಪ ಇರಲಿ.

ಅಲೆಕ್ಸಿಸ್ ರೈಟ್: ಮೂರು ದಪ್ಪ ಪುಸ್ತಕ, ಮೂರು ಬೇರೆ ಕೆಲಸ

ಜಾಸ್ತಿ ಪ್ರಶ್ನೆ ಬರುವುದು ಇವರ ಬಗ್ಗೆಯೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ರೈಟ್ ವಾನ್ಯಿ ಎಂಬ ಮೂಲನಿವಾಸಿ ಸಮುದಾಯದವರು. ಅವರ ಜನರ ನೆಲ ಉತ್ತರದಲ್ಲಿ, ಕಾರ್ಪೆಂಟೇರಿಯಾ ಕೊಲ್ಲಿಯ ದಕ್ಷಿಣಕ್ಕೆ ಇದೆ. ‘ಕಾರ್ಪೆಂಟೇರಿಯಾ’ ಕಾದಂಬರಿಯನ್ನು ದೊಡ್ಡ ಪ್ರಕಾಶಕರೆಲ್ಲ ಬೇಡ ಅಂದಿದ್ದರು. ಗಿರಾಮೊಂಡೊ 2006ರಲ್ಲಿ ತಂದಿತು. 2007ರಲ್ಲಿ ಅದಕ್ಕೇ ಮೈಲ್ಸ್ ಫ್ರಾಂಕ್ಲಿನ್ ಬಂತು.

ಡೆಸ್ಪರೆನ್ಸ್ ಅನ್ನುವ ಕಲ್ಪನೆಯ ಊರು. ಬಂದರು ಅಂತ ಕಟ್ಟಿದ್ದು, ಆದರೆ ನದಿ ದಾರಿ ಬದಲಿಸಿ ಬಂದರಿಗೆ ನೀರೇ ಇಲ್ಲ. ನಡುವೆ ಬಿಳಿಯರ ಊರು, ಅಂಚಿನಲ್ಲಿ ಮುಳ್ಳುಪೊದೆಗಳ ಹತ್ತಿರ ಮೂಲನಿವಾಸಿಗಳ ಗುಡಿಸಲು. ಅಲ್ಲಿ ಸಮುದ್ರವನ್ನು ಅಂಗೈ ಹಾಗೆ ಬಲ್ಲ ನಾರ್ಮಲ್ ಫ್ಯಾಂಟಮ್. ಊರಿನ ಕಸದ ಗುಂಡಿಯಿಂದ ಆರಿಸಿ ತಂದ ಸಾಮಾನಿನಲ್ಲೇ ಮನೆ ಕಟ್ಟಿದ ಅವನ ಹೆಂಡತಿ ಏಂಜೆಲ್ ಡೇ. ಗಣಿ ಕಂಪನಿಯ ವಿರುದ್ಧ ನಿಂತ ಮಗ ವಿಲ್. ಐನೂರು ಪುಟ ದಾಟುತ್ತದೆ. ಆದರೂ ನಾನು ಇದನ್ನು ಕಿವಿಯ ಪುಸ್ತಕ ಅನ್ನುತ್ತೇನೆ. ಹಿರಿಯರೊಬ್ಬರು ಜಗಲಿಯಲ್ಲಿ ಕೂತು ‘ಆಮೇಲೆ ಏನಾಯ್ತು ಗೊತ್ತಾ’ ಅನ್ನುವ ಧಾಟಿ. ಕಥೆ ಪಕ್ಕಕ್ಕೆ ಹೋಗುತ್ತದೆ, ನಗಿಸುತ್ತದೆ, ಬೈಯುತ್ತದೆ, ವಾಪಸ್ ಬರುತ್ತದೆ. ಮೊದಲ ಪುಟಗಳಲ್ಲೇ ನೆಲವನ್ನು ಕೊರೆದು ನದಿ ಮಾಡುವ ಪುರಾಣದ ಸರ್ಪ ಬರುತ್ತದೆ. ನಾಗರಕಲ್ಲಿಗೆ ಹಾಲೆರೆದ ಊರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಒಂದು ಎಚ್ಚರ. ಅಲ್ಲಿನ ಸರ್ಪ ನಮ್ಮ ನಾಗ ಅಲ್ಲ. ಅದು ಆ ನೆಲದ ಕಾನೂನು, ಆ ಜನರ ಹಕ್ಕುಪತ್ರ. ನಮ್ಮದನ್ನು ಅದರ ಮೇಲೆ ಹೊದಿಸಿ ಓದಿದರೆ ಅರ್ಧ ಕಥೆ ಕಳೆದುಹೋಗುತ್ತದೆ.

ಒಂದು ಉಪಾಯ: ಮೊದಲ ಐವತ್ತು ಪುಟ ಗಟ್ಟಿಯಾಗಿ ಓದಿ. ನಮ್ಮ ಓದುವ ಗುಂಪಿನಲ್ಲಿ ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು. ಏಳು ಜನರಲ್ಲಿ ಐದು ಜನ ಮುಗಿಸಿದರು. ಆ ಗುಂಪಿನ ಮಟ್ಟಿಗೆ ಅದು ದಾಖಲೆ!

‘ಪ್ರೇಯ್ಸ್‌ವರ್ದಿ’ 2023ರದ್ದು. ಏಳುನೂರು ಪುಟಕ್ಕೂ ಜಾಸ್ತಿ. ಒಂದು ಊರಿನ ಮೇಲೆ ಮಬ್ಬು ಮೋಡ ಕವಿದು ನಿಂತಿದೆ. ಅಲ್ಲಿ ಕಾಸ್ ಮ್ಯಾನ್ ಸ್ಟೀಲ್ ಅನ್ನುವವನು ಕಾಡುಕತ್ತೆಗಳನ್ನೆಲ್ಲ ಒಟ್ಟುಮಾಡಿ, ಪೆಟ್ರೋಲು ಮುಗಿದ ಕಾಲಕ್ಕೆ ಕತ್ತೆ ಸಾರಿಗೆ ನಡೆಸುವ ಕನಸು ಕಾಣುತ್ತಾನೆ. ಹೆಂಡತಿಗೆ ಚಿಟ್ಟೆ ಪತಂಗಗಳ ಹುಚ್ಚು. ದೊಡ್ಡ ಮಗನ ಹೆಸರೇ ಅಬಾರಿಜಿನಲ್ ಸಾವರೆಂಟಿ, ಅಂದರೆ ಮೂಲನಿವಾಸಿಗಳ ಸ್ವಾಧಿಕಾರ. ಇಷ್ಟು ಕೇಳಿದರೆ ತಮಾಷೆ ಅನಿಸುತ್ತದೆ, ಇದೆ ಕೂಡ. ಆದರೆ ಇದಕ್ಕೆ ಹಿನ್ನೆಲೆ ಬೇಕು. 2007ರಲ್ಲಿ ಜಾನ್ ಹೊವಾರ್ಡ್ ಸರ್ಕಾರ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಉತ್ತರ ಪ್ರಾಂತ್ಯದ ಮೂಲನಿವಾಸಿ ಊರುಗಳಿಗೆ ಸೈನಿಕರನ್ನು ಕಳಿಸಿತು. ಮದ್ಯ ನಿಷೇಧಿಸಿತು, ಸರ್ಕಾರಿ ಭತ್ಯೆಯನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನೂ ತಾನೇ ಹೇಳಿತು. ಅದಕ್ಕಾಗಿ ಜನಾಂಗ ತಾರತಮ್ಯದ ವಿರುದ್ಧದ ಕಾಯ್ದೆಯನ್ನೇ ಬದಿಗಿಟ್ಟಿತು. ಮನೆಯ ಚಿಕ್ಕ ಮಗ ಟಾಮಿಹಾಕ್ ರೇಡಿಯೋ, ಟೀವಿ ಕೇಳಿ ತನ್ನ ಅಪ್ಪನನ್ನೇ ನಂಬದೆ ಹೋಗುವುದು ಯಾಕೆ ಅಂತ ತಿಳಿಯಬೇಕಾದರೆ ಇದು ಗೊತ್ತಿರಬೇಕು. ನನಗೆ ಆಗ ಗೊತ್ತಿರಲಿಲ್ಲ. ಎಂಬತ್ತನೇ ಪುಟಕ್ಕೆ ನಿಂತದ್ದು ಅದಕ್ಕೇ. ಎರಡನೇ ಸಲ, ‘ಕಾರ್ಪೆಂಟೇರಿಯಾ’ ಮುಗಿಸಿಕೊಂಡು ಬಂದಾಗ ಪುಸ್ತಕ ಬಾಗಿಲು ತೆರೆಯಿತು. ಆದ್ದರಿಂದ ಇದನ್ನೇ ಮೊದಲು ಕೊಳ್ಳಬೇಡಿ. ರೈಲಿಗೂ ಬೇಡ. ಕೈ ನೋವು ಬರುತ್ತದೆ, ಸುಮ್ನೆ ಹೇಳುತ್ತಿಲ್ಲ.

ಮೂರನೆಯದು ‘ಟ್ರ್ಯಾಕರ್’ (2017). ಇದರ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಅದೇ ಬೇಜಾರು. ಟ್ರ್ಯಾಕರ್ ಟಿಲ್‌ಮೌತ್ ಎಂಬ ಮೂಲನಿವಾಸಿ ನಾಯಕನ ಜೀವನಚರಿತ್ರೆ ಇದು. ಚಿಕ್ಕವನಿದ್ದಾಗ ಸರ್ಕಾರ ಅವನನ್ನು ಮನೆಯಿಂದ ಕಿತ್ತು ದೂರದ ದ್ವೀಪದ ಮಿಷನ್ನಿಗೆ ಹಾಕಿತು. ದೊಡ್ಡವನಾಗಿ ಮಧ್ಯ ಆಸ್ಟ್ರೇಲಿಯಾದ ಭೂಹಕ್ಕಿನ ಹೋರಾಟದಲ್ಲಿ ದೊಡ್ಡ ಹೆಸರಾದ. ರೈಟ್ ಇಲ್ಲಿ ತಾವು ಕಥೆ ಕಟ್ಟುವುದಿಲ್ಲ. ಅವನನ್ನು ಬಲ್ಲ ಹತ್ತಾರು ಜನರ ಮಾತನ್ನು, ಅವನ ಮಾತನ್ನೂ, ಪಕ್ಕಪಕ್ಕದಲ್ಲಿ ಇಡುತ್ತಾರೆ. ಒಬ್ಬ ಒಂದು ಥರ ಹೇಳಿದರೆ ಇನ್ನೊಬ್ಬ ಅದೇ ಘಟನೆಯನ್ನು ಬೇರೆ ಥರ ಹೇಳುತ್ತಾನೆ. ಊರಿನ ಕಟ್ಟೆಯ ಮೇಲೆ ತೀರಿಹೋದ ಒಬ್ಬ ಪುಂಡ, ಬುದ್ಧಿವಂತನ ಬಗ್ಗೆ ಎಲ್ಲರೂ ಸೇರಿ ಮಾತಾಡಿದ ಹಾಗೆ. ಆರುನೂರು ಪುಟ ಆದರೂ ಎಲ್ಲಿ ಬೇಕಾದರೂ ತೆರೆದು ಹತ್ತು ಪುಟ ಓದಿ ಮುಚ್ಚಬಹುದು. ದಿನಾ ಅರ್ಧ ಗಂಟೆ ಸಿಗುವವರಿಗೆ ಈ ಮೂರರಲ್ಲಿ ಇದೇ ಸರಿ. ಇಂಗ್ಲಿಷ್ ಕೂಡ ಮಾತಿನ ಇಂಗ್ಲಿಷ್. 2018ರ ಸ್ಟೆಲ್ಲಾ ಇದಕ್ಕೇ ಬಂದದ್ದು.

ತೆಳ್ಳಗಿನವು, ಮತ್ತು ತೆಳ್ಳಗಿನ ಮೋಸ

ಜೆಸಿಕಾ ಔ ಅವರ ‘ಕೋಲ್ಡ್ ಇನಫ್ ಫಾರ್ ಸ್ನೋ’ (2022) ನೂರು ಪುಟದ ಆಸುಪಾಸಿನದು. ತಾಯಿ ಮಗಳು ಜಪಾನ್ ಪ್ರವಾಸ ಹೋಗುತ್ತಾರೆ. ಮ್ಯೂಸಿಯಂ ನೋಡುತ್ತಾರೆ, ಮಳೆಯಲ್ಲಿ ನಡೆಯುತ್ತಾರೆ, ಊಟ ಮಾಡುತ್ತಾರೆ. ಅಷ್ಟೇ. ಒಂದು ಕಾದಂಬರಿ ಸ್ಪರ್ಧೆಯಲ್ಲಿ ಬೇರೆ ಬೇರೆ ದೇಶದ 1500ಕ್ಕೂ ಹೆಚ್ಚು ಹಸ್ತಪ್ರತಿಗಳ ನಡುವೆ ಗೆದ್ದು, ಮೂರು ದೇಶಗಳಲ್ಲಿ ಒಟ್ಟಿಗೆ ಪ್ರಕಟವಾದ ಪುಸ್ತಕ. ಹಿನ್ನೆಲೆ ಏನೂ ಬೇಡ. ಭಾಷೆ ತಿಳಿ. ಒಂದು ಭಾನುವಾರ ಸಾಕು. ಅಮ್ಮನನ್ನು ಆರು ವಾರಕ್ಕೆ ಇಲ್ಲಿಗೆ ಕರೆಸಿಕೊಂಡು, ದಿನಾ ಎಲ್ಲೆಲ್ಲೋ ಸುತ್ತಿಸಿ, ಕಡೆಗೆ ಏನೂ ಮಾತಾಡಲೇ ಇಲ್ಲ ಅಲ್ವಾ ಅಂತ ವಿಮಾನ ನಿಲ್ದಾಣದಲ್ಲಿ ಅನಿಸಿದವರಿಗೆ ಈ ಪುಸ್ತಕ ಚುಚ್ಚುತ್ತದೆ. ನನಗೆ ಚುಚ್ಚಿತು. ಆದರೆ ಕಥೆಯಲ್ಲಿ ಏನಾದರೂ ಆಗಬೇಕು ಅನ್ನುವವರು ಇದನ್ನು ಓದಿ ನನ್ನನ್ನು ಬೈಯುತ್ತಾರೆ. ನನ್ನ ಯಜಮಾನರು ಬೈದರು.

ಸಾನ್ಯಾ ರುಶ್ದಿ ಅವರ ‘ಹಾಸ್ಪಿಟಲ್’ ಕೂಡ ತೆಳುವೇ. ಮೂಲ ಬಂಗಾಳಿ. ಇಂಗ್ಲಿಷಿಗೆ ತಂದವರು ಅರುಣಾವ ಸಿನ್ಹಾ. ಮೆಲ್ಬರ್ನಿನ ಬಾಂಗ್ಲಾ ಕುಟುಂಬದ ಹುಡುಗಿ, ಮನಃಶಾಸ್ತ್ರ ಓದಿದವಳು, ತಾನೇ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರುತ್ತಾಳೆ. ವೈದ್ಯರ ಜೊತೆ ವಾದ ಮಾಡುತ್ತಾಳೆ. ನನಗೆ ಕಾಯಿಲೆ ಇದೆ ಅಂತ ನೀವು ಹೇಗೆ ಹೇಳುತ್ತೀರಿ ಅನ್ನುತ್ತಾಳೆ. ಅಳು ಇಲ್ಲ, ಕೂಗಾಟ ಇಲ್ಲ. ವರದಿ ಬರೆದ ಹಾಗೆ ಶಾಂತ. ಅದೇ ಹೆದರಿಸುವುದು. ಮಗಳನ್ನು ಆಸ್ಪತ್ರೆಗೆ ಸೇರಿಸಿ ಕೈ ಹಿಸುಕಿಕೊಂಡು ಕೂರುವ ಅಪ್ಪ ಅಮ್ಮನನ್ನು ನಾವು ಯಾವ ಬೀದಿಯಲ್ಲಾದರೂ ನೋಡಬಹುದು. ವಲಸೆ ಬಂದವರು ತಮ್ಮ ಭಾಷೆಯಲ್ಲೇ ಬರೆದರೂ ಅದು ಆಸ್ಟ್ರೇಲಿಯಾದ ಸಾಹಿತ್ಯವೇ ಅಂತ ಈ ಪುಸ್ತಕ ತೋರಿಸಿತು. 2024ರಲ್ಲಿ ಸ್ಟೆಲ್ಲಾ ಅಂತಿಮ ಪಟ್ಟಿಯಲ್ಲಿ ‘ಪ್ರೇಯ್ಸ್‌ವರ್ದಿ’ ಪಕ್ಕದಲ್ಲೇ ಇದೂ ಇತ್ತು. ಇಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ಇದನ್ನು ಓದಲೇಬೇಕು. ಮನೆಯಲ್ಲಿ ಈಗಷ್ಟೇ ಅಂಥ ಕಷ್ಟ ಕಂಡವರು ಸ್ವಲ್ಪ ದಿನ ಬಿಟ್ಟು ಓದಲಿ.

ಇನ್ನು ಜೆರಾಲ್ಡ್ ಮರ್ನೇನ್. ನಾನು ಮೇಲೆ ಹೇಳಿದ ‘ತೆಳ್ಳನೆಯದು’ ಇವರದ್ದೇ, ‘ಬಾರ್ಡರ್ ಡಿಸ್ಟ್ರಿಕ್ಟ್ಸ್’ (2017). ಒಬ್ಬ ಮುದುಕ ಊರು ಬಿಟ್ಟು ಗಡಿಯ ಹತ್ತಿರದ ಸಣ್ಣ ಊರಿಗೆ ಬರುತ್ತಾನೆ. ಚರ್ಚಿನ ಬಣ್ಣದ ಗಾಜಿನಲ್ಲಿ ಬೆಳಕು ಹೇಗೆ ಬಿತ್ತು ಅಂತ ನೆನೆಯುತ್ತಾನೆ. ಆ ನೆನಪಿನಿಂದ ಇನ್ನೊಂದು ನೆನಪು, ಅದರಿಂದ ಮತ್ತೊಂದು. ಪಕ್ಕಾ ಕಣ್ಣಿನ ಪುಸ್ತಕ. ಒಂದೊಂದು ವಾಕ್ಯವೂ ಮರಕೆತ್ತನೆಯ ಹಾಗೆ, ಒಂದು ಕಡೆ ಜಾರಿದರೆ ಮೊದಲಿಂದ ಶುರು ಮಾಡಬೇಕು. ಈ ಮನುಷ್ಯ ಜೀವನದಲ್ಲಿ ವಿಮಾನ ಹತ್ತಿಲ್ಲ, ವಿಕ್ಟೋರಿಯಾದ ಗೊರೋಕ್ ಎಂಬ ಪುಟ್ಟ ಊರಿನಲ್ಲಿ ವಾಸ, ತಾನಾಗಿ ಹಂಗೇರಿಯನ್ ಭಾಷೆ ಕಲಿತವರು. ಪುಸ್ತಕಗಳೂ ಹಾಗೇ, ತಮ್ಮ ಪಾಡಿಗೆ ತಾವು. ರೈಲಿನ ಗಲಾಟೆಯಲ್ಲಿ ಸಾಧ್ಯವೇ ಇಲ್ಲ. ಬೆಳಗಿನ ಜಾವ ಕಾಫಿ ಹಿಡಿದು ಒಬ್ಬರೇ ಕೂರುವ ಅಭ್ಯಾಸ ಇದ್ದರೆ ಇದಕ್ಕಿಂತ ಒಳ್ಳೆಯ ಜೊತೆ ಈ ಪಟ್ಟಿಯಲ್ಲಿಲ್ಲ. ಅವರ ‘ಲಾಸ್ಟ್ ಲೆಟರ್ ಟು ಎ ರೀಡರ್’ನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಮತ್ತೆ ಓದಿ ಬರೆಯುತ್ತಾರೆ. ಅದನ್ನು ಮೊದಲು ಹಿಡಿಯಬೇಡಿ. ಮದುವೆಗೆ ಹೋಗದೆ ಬೀಗರ ಔತಣಕ್ಕೆ ಹೋದ ಹಾಗಾಗುತ್ತದೆ.

ಕವಿತೆ ಓದುವವರಿಗೆ, ನಮ್ಮ ಪ್ಯಾರಾಮಟ್ಟಾದವರಿಗೆ

ಜುಡಿತ್ ಬೆವರಿಜ್ ಅವರ ‘ದೇವದತ್ತಾಸ್ ಪೋಯೆಮ್ಸ್’ (2014) ಹೆಸರು ಕೇಳಿದರೇ ನಿಮಗೆ ಗೊತ್ತಾಗುತ್ತದೆ. ಬುದ್ಧನ ದಾಯಾದಿ ದೇವದತ್ತ, ಹೊಟ್ಟೆಕಿಚ್ಚಿನಿಂದ ಬುದ್ಧನನ್ನು ಕೊಲ್ಲಲು ನೋಡಿದವನು. ಇಲ್ಲಿ ಕವಿತೆಗಳೆಲ್ಲ ಅವನ ಬಾಯಲ್ಲಿ. ಭಿಕ್ಷೆಗೆ ಹೋಗುತ್ತಾನೆ, ಹಸಿವು ಅನ್ನುತ್ತಾನೆ, ಯಶೋಧರೆಯನ್ನು ನೆನೆಯುತ್ತಾನೆ, ಉರಿದುಕೊಳ್ಳುತ್ತಾನೆ. ಬುದ್ಧನ ಕಥೆಯನ್ನು ಶಾಲೆಯಲ್ಲೇ ಓದಿದ ನಮಗೆ ಹಿನ್ನೆಲೆಯ ಕಷ್ಟ ಇಲ್ಲ. ಆಸ್ಟ್ರೇಲಿಯಾದ ಓದುಗರಿಗಿಂತ ನಾವೇ ಒಂದು ಹೆಜ್ಜೆ ಮುಂದೆ. ಇಂಗ್ಲಿಷ್ ಕವಿತೆ ಅಂದರೆ ಹೆದರುವವರು ಇಲ್ಲಿಂದ ಶುರು ಮಾಡಬಹುದು. ಹಿಡಿಸಿದರೆ ಅವರದ್ದೇ ‘ವುಲ್ಫ್ ನೋಟ್ಸ್’ (2003) ಹುಡುಕಿ. ಅದರ ಒಂದು ಭಾಗ ಅರಮನೆ ಬಿಟ್ಟ ಸಿದ್ಧಾರ್ಥನ ಅಲೆದಾಟ.

ಇಲ್ಲಿಗೆ ಬಂದು ನೆಲೆಸಿದವರು ತಮ್ಮ ಬೀದಿಯನ್ನೇ ಪುಸ್ತಕದಲ್ಲಿ ನೋಡಬೇಕೆಂದರೆ ಫೆಲಿಸಿಟಿ ಕಸ್ಟಾನ್ಯಾ ಅವರ ‘ನೋ ಮೋರ್ ಬೋಟ್ಸ್’ (2017). ಪ್ಯಾರಾಮಟ್ಟಾ, 2001. ಸಮುದ್ರದಲ್ಲಿ ಟ್ಯಾಂಪಾ ಹಡಗು ನಾನೂರಕ್ಕೂ ಹೆಚ್ಚು ನಿರಾಶ್ರಿತರನ್ನು ಹೊತ್ತು ನಿಂತಿದೆ, ಸರ್ಕಾರ ಒಳಗೆ ಬಿಡುತ್ತಿಲ್ಲ. ಇತ್ತ ಇಟಲಿಯಿಂದ ವಲಸೆ ಬಂದು ಮನೆ ಕಟ್ಟಿದ ಆಂಟೋನಿಯೋ ತನ್ನ ಮನೆ ಮುಂದೆ ‘ಇನ್ನು ದೋಣಿಗಳು ಬೇಡ’ ಅಂತ ಬಣ್ಣದಲ್ಲಿ ಬರೆಯುತ್ತಾನೆ. ತಾನು ಬಂದ ಬಾಗಿಲನ್ನು ತಾನೇ ಮುಚ್ಚುವವನು. ನಮ್ಮ ಪಾಟ್‌ಲಕ್ ಊಟಗಳಲ್ಲಿ ವೀಸಾ ಮಾತು ಬಂದಾಗ ಅಂಥವರ ದನಿ ನಾನು ಕೇಳಿದ್ದೇನೆ, ಕನ್ನಡದಲ್ಲೇ. ಓದಲು ಸಲೀಸು. ಇಡೀ ಪಟ್ಟಿಯಲ್ಲಿ ಸಾಮಾನ್ಯ ಕಾದಂಬರಿಯ ಹಾಗೆ ನಡೆಯುವುದು ಇದೇ. ಮೈಕಲ್ ಮೊಹಮ್ಮದ್ ಅಹ್ಮದ್ ಅವರ ‘ದ ಟ್ರೈಬ್’ ಲೆಬನಾನ್ ಮೂಲದ ದೊಡ್ಡ ಕೂಡುಕುಟುಂಬವನ್ನು ಪುಟ್ಟ ಹುಡುಗನ ಬಾಯಲ್ಲಿ ಹೇಳುತ್ತದೆ. ಕಿವಿಯ ಪುಸ್ತಕ, ಚಿಕ್ಕದು. ಇಲ್ಲೇ ಹುಟ್ಟಿದ ಹದಿನೇಳು ಹದಿನೆಂಟರ ಮಕ್ಕಳ ಕೈಗೆ ಕೊಡಿ. ನಾವು ಓದು ಅಂದದ್ದನ್ನು ಅವರು ಓದುವುದಿಲ್ಲ, ಆದರೂ ಮೇಜಿನ ಮೇಲೆ ಬಿಟ್ಟು ನೋಡಿ.

ಪ್ರಬಂಧ ಬೇಕೆಂದವರಿಗೆ ಫಿಯೋನಾ ರೈಟ್ ಅವರ ‘ಸ್ಮಾಲ್ ಆಕ್ಟ್ಸ್ ಆಫ್ ಡಿಸಪಿಯರೆನ್ಸ್’. ಊಟ ಮಾಡಲಾಗದ ಕಾಯಿಲೆಯ ಬಗ್ಗೆ ಹತ್ತು ಪ್ರಬಂಧ. ಚೆನ್ನಾಗಿದೆ, ಆದರೆ ಎಲ್ಲರಿಗೂ ಅಲ್ಲ. ಕಾದಂಬರಿಕಾರ ಬ್ರಯನ್ ಕ್ಯಾಸ್ಟ್ರೋ ಬಗ್ಗೆ ಕೇಳಿದವರಿಗೆ: ಪದಗಳ ಆಟ ಅಂದರೆ ಪ್ರಾಣ ಬಿಡುವವರಾದರೆ ಮಾತ್ರ. ನಾನು ಎರಡು ಸಲ ಸೋತಿದ್ದೇನೆ.

ದುಡ್ಡು, ತೂಕ

ಇಲ್ಲಿ ತೆಳು ಪುಸ್ತಕಕ್ಕೆ 25ರಿಂದ 30 ಡಾಲರ್. ‘ಪ್ರೇಯ್ಸ್‌ವರ್ದಿ’ಯಂಥದ್ದಕ್ಕೆ 40ರ ಆಸುಪಾಸು. ಒಂದೇ ಕೊಳ್ಳುವುದಾದರೆ ಮತ್ತೆ ಮತ್ತೆ ತೆರೆಯುವಂಥದ್ದಕ್ಕೆ ದುಡ್ಡು ಹಾಕಿ: ಬೆವರಿಜ್, ‘ಟ್ರ್ಯಾಕರ್’, ಇಲ್ಲವೇ ‘ಕಾರ್ಪೆಂಟೇರಿಯಾ’. ಒಂದು ಸಲ ಓದಿ ಮುಗಿಯುವುದನ್ನು ಲೈಬ್ರರಿಯಿಂದ ತನ್ನಿ. ಲೈಬ್ರರಿಯಿಂದ ತಂದರೆ ಲೇಖಕರಿಗೆ ಮೋಸ ಅಂತ ಒಬ್ಬರು ಸಂಕೋಚ ಪಟ್ಟರು. ಹಾಗೇನಿಲ್ಲ. ಆಸ್ಟ್ರೇಲಿಯಾದಲ್ಲಿ ಲೈಬ್ರರಿಗಳು ಇಟ್ಟುಕೊಂಡ ಪ್ರತಿಗಳ ಲೆಕ್ಕದ ಮೇಲೆ ಸರ್ಕಾರ ಲೇಖಕರಿಗೂ ಪ್ರಕಾಶಕರಿಗೂ ವರ್ಷವರ್ಷ ಹಣ ಕೊಡುತ್ತದೆ, 1975ರಿಂದ. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ತರಿಸಿ ಅಂತ ಫಾರಂ ತುಂಬಿ. ನಮ್ಮಲ್ಲಿ ಎರಡು ಸಲ ತರಿಸಿದರು.

ಊರಿನವರ ಲೆಕ್ಕ ಬೇರೆ. ಒಮ್ಮೆ ಒಂದು ಆನ್‌ಲೈನ್ ಅಂಗಡಿಯಿಂದ ಮೈಸೂರಿಗೆ ಪುಸ್ತಕ ಕಳಿಸಲು ಹೋದೆ. ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ ಆಯಿತು. ‘ಹಾಸ್ಪಿಟಲ್’ ಮಾತ್ರ ಕೋಲ್ಕತ್ತಾದ ಸೀಗಲ್ ಬುಕ್ಸ್ ಅಲ್ಲೇ ತಂದಿದೆ. ಅದನ್ನು ನನ್ನ ಕೈಲಿ ತರಿಸಬೇಡಿ, ಅಲ್ಲೇ ಕೊಳ್ಳಿ. ಕವಿತೆ ಮತ್ತು ಜೆಸಿಕಾ ಔ ಚೀಲದ ಸಂದಿಯಲ್ಲಿ ಹಿಡಿಯುತ್ತವೆ, ಎಷ್ಟು ಬೇಕಾದರೂ ಹೇಳಿ. ದಪ್ಪದ್ದು ಬೇಕಾದವರು ಇ-ಪುಸ್ತಕ ನೋಡಿ. ಮರ್ನೇನ್ ಅವರನ್ನು ಮಾತ್ರ ಪರದೆಯ ಮೇಲೆ ಓದಬೇಡಿ, ಆ ವಾಕ್ಯಗಳಿಗೆ ಪೆನ್ಸಿಲ್ಲು ಬೇಕು.

ಈ ಡಿಸೆಂಬರಿಗೆ ಈವರೆಗೆ ಬಂದ ಪಟ್ಟಿ: ಎರಡು ‘ಕೋಲ್ಡ್ ಇನಫ್’, ಒಂದು ದೇವದತ್ತ, ಒಂದು ‘ಪ್ರೇಯ್ಸ್‌ವರ್ದಿ’. ಕೊನೆಯದನ್ನು ಕೇಳಿದ ಗೆಳತಿಗೆ ಬರೆದಿದ್ದೇನೆ: ತರುತ್ತೇನೆ ಮಾರಾಯ್ತಿ, ಆದರೆ ನಿನ್ನ ಮಗನ ಶೂ ಈ ಸಲ ಬರುವುದಿಲ್ಲ. ಇನ್ನೂ ಉತ್ತರ ಬಂದಿಲ್ಲ.